ಮೆಟ್ರಾಯ್ಡ್‌ವೇನಿಯಾ ಗೇಮ್ ರಿವ್ಯೂ ಬರೆಯೋದು ಹೇಗೆ: ಬೀಗದ ಪಟ್ಟಿಯಿಂದ ಶುರು ಮಾಡಿ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಕುಶಾಲನಗರ ಈ ಕಡೆಯಿಂದ ಗೇಮ್ ರಿವ್ಯೂ ಬರೆದು "ಒಂದ್ಸಲ ನೋಡಿ ಹೇಳಿ" ಅಂತ ಕಳಿಸೋರು ಸುಮಾರು ಜನ ಇದ್ದಾರೆ. ರೇಸಿಂಗ್, ಕ್ರಿಕೆಟ್, ಶೂಟಿಂಗ್ ಗೇಮ್ ಬಗ್ಗೆ ಚೆನ್ನಾಗೇ ಬರೀತಾರೆ, ಆದ್ರೆ ಮೆಟ್ರಾಯ್ಡ್‌ವೇನಿಯಾ (ಒಂದಕ್ಕೊಂದು ಅಂಟಿಕೊಂಡ ಮ್ಯಾಪಲ್ಲಿ ಅಲೆದಾಡ್ತಾ, ಹೊಸ ಪವರ್ ಸಿಕ್ಕಾಗ ಮೊದ್ಲು ಹೋಗೋಕಾಗದ ಜಾಗಕ್ಕೆ ವಾಪಸ್ ಹೋಗೋ ಜಾತಿ ಗೇಮ್) ಅಂದ ಕೂಡ್ಲೇ ಎಲ್ರೂ ಒಂದೇ ಕಡೆ ಎಡವ್ತಾರೆ. ಗ್ರಾಫಿಕ್ಸ್ ಸೂಪರ್, ಮ್ಯೂಸಿಕ್ ಚೆನ್ನಾಗಿದೆ, ಬಾಸ್ (ದೊಡ್ಡ ಶತ್ರು) ಕಷ್ಟ, ಮ್ಯಾಪ್ ದೊಡ್ಡದು, 10ಕ್ಕೆ 8. ಗೇಮ್ ಇರೋದೇ ಅಲೆದಾಡೋಕೆ, ಆದ್ರೆ ಅಲ್ಲಿ ಅಲೆದಾಡೋದು ಹೇಗಿರುತ್ತೆ ಅನ್ನೋದು ಮಾತ್ರ ರಿವ್ಯೂ ಓದಿದೋರಿಗೆ ಗೊತ್ತಾಗೋದೇ ಇಲ್ಲ.

ಕಾರಣ ಒಂದೇ, ಗೇಮ್ ಮುಗಿಸಿದ್ಮೇಲೆ ನೆನಪಿಂದ ಬರೀತಾರೆ. ಈ ಜಾತಿ ಗೇಮ್‌ಗೆ ಅದು ಸಾಕಾಗಲ್ಲ. ಒಂದು ಎತ್ತರದ ಗೋಡೆ ಕೆಳಗೆ ನಿಂತು "ಇಲ್ಲಿ ಹೇಗಪ್ಪಾ ಹತ್ತೋದು" ಅಂತ ತಲೆ ಕೆಡಿಸ್ಕೊಂಡಿದ್ದು ಡಬಲ್ ಜಂಪ್ (ಗಾಳಿಯಲ್ಲೇ ಇನ್ನೊಂದ್ಸಲ ಹಾರೋ ಪವರ್) ಸಿಕ್ಕ ತಕ್ಷಣ ಮರೆತೇ ಹೋಗುತ್ತೆ, ಆಮೇಲೆ ಎಷ್ಟು ತಿಣುಕಿದ್ರೂ ಗೊತ್ತಿಲ್ಲದೆ ಇದ್ದಾಗ ಹೇಗನ್ನಿಸ್ತಿತ್ತು ಅನ್ನೋದು ವಾಪಸ್ ಸಿಗಲ್ಲ. ಹಾಗಾಗಿ ಕೆಳಗಿನ ಹಂತಗಳನ್ನ ಇದೇ ಆರ್ಡರ್‌ನಲ್ಲಿ ಮಾಡಿ, ಅದರಲ್ಲೂ ಮೂರನೇದನ್ನ ಯಾವ ಕಾರಣಕ್ಕೂ ಆಮೇಲೆ ಮಾಡೋಣ ಅಂತ ಬಿಡ್ಬೇಡಿ.

## ಮೊದ್ಲು ಜೋಡಿಸ್ಕೊಬೇಕಾದ ಸಾಮಾನು

ಒಂದು ಚೌಕುಳಿ ಪೇಜಿನ ನೋಟ್‌ಬುಕ್, ಪೆನ್ಸಿಲ್. ಪೆನ್ಸಿಲ್ಲೇ ಯಾಕೆ ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಪೇಪರ್ ಎಲ್ಲ ಥಂಡಿ ಹಿಡಿದಿರುತ್ತೆ, ಜೆಲ್ ಪೆನ್ನಲ್ಲಿ ಬರೆದಿದ್ದು ಹರಡ್ಕೊಂಡು ಹೋಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ನೋಟ್ಸ್ ಮಾಡ್ಕೋತೀನಿ ಅನ್ನೋರು ಕರೆಂಟ್ ಹೋದಾಗ ಗೇಮೂ ನೋಟ್ಸೂ ಎರಡೂ ಒಟ್ಟಿಗೆ ಹೋಗದ ಹಾಗೆ ನೋಡ್ಕೊಳ್ಳಿ.

ಕಂಟ್ರೋಲರ್ ಬೇಕೇ ಬೇಕು. ಕ್ಯಾಸಲ್‌ವೇನಿಯಾ ಸಿಂಫನಿ ಆಫ್ ದಿ ನೈಟ್ 2020ರಿಂದ ಫೋನಲ್ಲೂ ಸಿಗುತ್ತೆ, ಕಮ್ಮಿ ದುಡ್ಡು, ಅದಕ್ಕೆ ತುಂಬಾ ಜನ ಅಲ್ಲೇ ಶುರು ಮಾಡ್ತಾರೆ, ಪರವಾಗಿಲ್ಲ, ಆದ್ರೆ ಗ್ಲಾಸ್ ಮೇಲೆ ಬೆರಳಿಟ್ಟು ಆಡಿ "ಕಂಟ್ರೋಲ್ ಸರಿ ಇಲ್ಲ" ಅಂತ ಬರೆದ್ರೆ ಅದು ಗೇಮ್ ಬಗ್ಗೆ ಹೇಳಿದ ಹಾಗಾಗಲ್ಲ. ಫೋನಿಗೇ ಒಂದು ಬ್ಲೂಟೂತ್ ಕಂಟ್ರೋಲರ್ ಸೇರಿಸ್ಕೊಂಡು ಆಡಿ.

ಟಿವಿಯಲ್ಲಿ ಆಡೋರು ಗೇಮ್ ಮೋಡ್ ಆನ್ ಮಾಡಿ. ಇಲ್ಲಾಂದ್ರೆ ಟಿವಿ ಚಿತ್ರ ಚೆಂದ ಮಾಡೋಕೆ ತಗೊಳೋ ಟೈಮು ಬಟನ್ ಒತ್ತಿದ್ದಕ್ಕೂ ಸ್ಕ್ರೀನಲ್ಲಿ ಹಾರಿದ್ದಕ್ಕೂ ನಡುವೆ ಸೇರ್ಕೊಂಡು ಬೈಗುಳ ಗೇಮ್‌ಗೆ ಬೀಳುತ್ತೆ. ಮತ್ತೆ ಒಂದು ವಾಚು. ಗೇಮಿನ ಒಳಗಿನ ಗಡಿಯಾರ ನಂಬ್ಬೇಡಿ, ಸತ್ತು ಹಳೇ ಸೇವ್‌ನಿಂದ ಶುರುವಾದ್ರೆ ಕೆಲವು ಗೇಮಲ್ಲಿ ಆ ಕಳೆದ ಹೊತ್ತು ಲೆಕ್ಕಕ್ಕೇ ಬರಲ್ಲ.

## ಹಂತ 1: ಇದು ಆ ಜಾತಿ ಗೇಮೇನಾ ಅಂತ ನೋಡ್ಕೊಳ್ಳಿ

ಸ್ಟೋರ್ ಪೇಜಲ್ಲಿ ಹಾಕಿರೋ ಟ್ಯಾಗ್ ನಂಬಿ ಬರೀಬೇಡಿ. ಕೇಳ್ಬೇಕಾದ್ದು ಇಷ್ಟೇ: ಮ್ಯಾಪ್ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ಯಾ, ಹೊಸ ಪವರ್ ಸಿಕ್ಕಾಗ ಮೊದ್ಲು ನೋಡಿದ ಜಾಗ ತೆರೆಯುತ್ತಾ. ಡೆಡ್ ಸೆಲ್ಸ್ (2018) ಪ್ರತಿ ಸಲ ಮ್ಯಾಪ್ ಬದಲಾಯಿಸುತ್ತೆ, ಆದ್ರೆ ಅದರ ರೂನ್‌ಗಳು ಒಂದ್ಸಲ ಸಿಕ್ರೆ ಶಾಶ್ವತ, ಹೊಸ ದಾರಿ ತೆರೀತಾವೆ. ಅಂಥದ್ದನ್ನ ಮ್ಯಾಪ್ ಬದಲಾಗದ ಹಾಲೋ ನೈಟ್ ಪಕ್ಕ ಇಟ್ಟು "ಮ್ಯಾಪ್ ನೆನಪಿಟ್ಕೊಳ್ಳೋಕೇ ಆಗಲ್ಲ" ಅಂದ್ರೆ ಅನ್ಯಾಯ. ಆನಿಮಲ್ ವೆಲ್ (2024) ಹೊಡೆದಾಟ ಇಲ್ಲ ಅನ್ನೋ ಅಷ್ಟು ಕಮ್ಮಿ, ಅಲ್ಲಿ ಫೈಟಿಂಗ್ ಹುಡುಕಿ ಮಾರ್ಕ್ ಕಟ್ ಮಾಡೋದೂ ತಪ್ಪೇ.

## ಹಂತ 2: ಗೈಡ್ ಮುಟ್ಟದೆ ಆಡಿ

ಮೊದಲ ಸಲ ಆಡೋವಾಗ ಯೂಟ್ಯೂಬ್ ಇಲ್ಲ, ಮ್ಯಾಪ್ ಡೌನ್‌ಲೋಡ್ ಇಲ್ಲ, ಆಗಲೇ ಮುಗಿಸಿರೋ ಅಣ್ಣನನ್ನ ಪಕ್ಕ ಕೂರಿಸ್ಕೊಳ್ಳೋದೂ ಬೇಡ. ಈ ಕೊನೇದು ಹೇಳೋಕೆ ಕಾರಣ ಇದೆ, ನಮ್ಮಲ್ಲಿ ಒಂದು ಕನ್ಸೋಲ್ ಇದ್ರೆ ಮನೆ ಮಂದಿ ಎಲ್ಲ ಸುತ್ತ ಕೂತಿರ್ತಾರೆ, ಯಾರೋ ಒಬ್ರು "ಮೇಲೆ ಹೋಗು ಮೇಲೆ ಹೋಗು" ಅಂದ್ರೆ ಆ ರೂಮಿನ ಬಗ್ಗೆ ನೀವು ಬರೆಯೋ ಮಾತು ಅಲ್ಲಿಗೆ ಕೆಟ್ಟುಹೋಯ್ತು.

ಪೂರ್ತಿ ಸಿಕ್ಕಾಕ್ಕೊಂಡ್ರೆ? ಎಲ್ಲಾ ಮೂಲೆ ಒಂದ್ಸಲ ತಿರುಗಿ ನೋಡಿ, ಗೇಮ್ ಆಫ್ ಮಾಡಿ ಮಲಗಿ, ಮಾರನೇ ದಿನ ಮತ್ತೆ ನೋಡಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಗೈಡ್ ನೋಡಬಹುದು, ಆದ್ರೆ ಎಲ್ಲಿ ನೋಡಿದ್ರಿ, ನೋಡಿದ್ಮೇಲೆ "ಅಯ್ಯೋ ಕಣ್ಣ ಮುಂದೇ ಇತ್ತಲ್ಲ" ಅನ್ನಿಸ್ತಾ ಇಲ್ಲಾ "ಇದು ಯಾರಿಗೆ ಹೊಳೆಯುತ್ತೆ" ಅನ್ನಿಸ್ತಾ, ಅದನ್ನ ಬರೆದಿಡಿ. ಆ ಎರಡು ಮಾತಿನ ನಡುವಿನ ವ್ಯತ್ಯಾಸ ಒಂದು ಒಳ್ಳೇ ಪ್ಯಾರಾ ಆಗುತ್ತೆ.

## ಹಂತ 3: ಬೀಗದ ಪಟ್ಟಿ

ಇದೇ ಮುಖ್ಯ ಕೆಲಸ. ಬೀಗ ಅಂದ್ರೆ ಕಣ್ಣಿಗೆ ಕಂಡ್ರೂ ಸದ್ಯಕ್ಕೆ ಹೋಗೋಕಾಗದ ಜಾಗ. ನೋಟ್‌ಬುಕ್‌ನಲ್ಲಿ ಐದು ಕಾಲಂ ಎಳೀರಿ: ಎಲ್ಲಿ, ಏನು ಕಾಣಿಸ್ತು, ಏನು ಬೇಕಾಗಬಹುದು ಅನ್ನಿಸ್ತು, ಯಾವಾಗ ತೆರೀತು, ಆ ಜಾಗ ವಾಪಸ್ ನೆನಪಾಗಿದ್ದು ಹೇಗೆ. ಹೋಗೋಕಾಗದ ಪ್ರತಿ ಜಾಗದಲ್ಲೂ ನಿಂತು ಮೊದಲ ಮೂರು ಕಾಲಂ ಅಲ್ಲೇ ತುಂಬಿ. ಮೂರನೇ ಕಾಲಂ ನಿಮ್ಮ ಊಹೆ, ಅದನ್ನ ಆಮೇಲೆ ಅಳಿಸಿ ಸರಿ ಮಾಡ್ಬೇಡಿ, ತಪ್ಪು ಊಹೆಗೇ ಬೆಲೆ ಜಾಸ್ತಿ.

ಬೀಗದಲ್ಲಿ ಮೂರು ತರ ಇದೆ, ಪಟ್ಟಿ ಮಾಡೋವಾಗ ಇದು ಗೊತ್ತಿದ್ರೆ ಕಣ್ಣು ಚುರುಕಾಗುತ್ತೆ. ಮೊದಲನೇದು ಬಣ್ಣದ ಬಾಗಿಲು ತರದ್ದು. ಸೂಪರ್ ಮೆಟ್ರಾಯ್ಡ್‌ನಲ್ಲಿ (1994) ಕೆಂಪು ಬಾಗಿಲಿಗೆ ಐದು ಮಿಸೈಲ್, ಹಸಿರಿಗೆ ಸೂಪರ್ ಮಿಸೈಲ್, ಹಳದಿಗೆ ಪವರ್ ಬಾಂಬ್. ನೋಡಿದ ಕೂಡ್ಲೇ ಇದು ಬೀಗ ಅಂತ ಗೊತ್ತಾಗುತ್ತೆ, ತಲೆಗೆ ಕೆಲಸ ಕಮ್ಮಿ. ಎರಡನೇದು ನೆಲದಲ್ಲೇ ಸೇರ್ಕೊಂಡಿರೋ ಬೀಗ, ಎತ್ತರದ ಕಟ್ಟೆ, ಅಗಲದ ಗುಂಡಿ, ತಗ್ಗಿನ ಸಂದಿ. ಮೊದಲ ಮೆಟ್ರಾಯ್ಡ್ (1986) ಶುರುವಾದ ಕೂಡ್ಲೇ ಎಲ್ರೂ ಬಲಗಡೆ ಓಡ್ತಾರೆ, ಅಲ್ಲಿ ಒಂದು ತಗ್ಗಿನ ಸಂದಿ, ನುಗ್ಗೋಕಾಗಲ್ಲ, ಅದಕ್ಕೆ ಬೇಕಾದ ಉಂಡೆಯಾಗೋ ಪವರ್ ಇರೋದು ಶುರುವಾದ ಜಾಗದ ಎಡಗಡೆ. ಒಂದಕ್ಷರ ಬರೆದು ತೋರಿಸದೆ "ಹಿಂದಕ್ಕೂ ಹೋಗಬಹುದು" ಅಂತ ಕೆಲವೇ ಹೆಜ್ಜೆಯಲ್ಲಿ ಕಲಿಸಿಬಿಡ್ತು. ನಿಮ್ಮ ಕೈಯಲ್ಲಿರೋ ಹೊಸ ಗೇಮ್ ಇದೇ ಪಾಠಕ್ಕೆ ಎಷ್ಟು ಡೈಲಾಗ್ ಬಾಕ್ಸ್ ಖರ್ಚು ಮಾಡುತ್ತೆ ನೋಡಿ.

ಮೂರನೇದು ನಿಮ್ಮ ತಲೆಯೊಳಗಿನ ಬೀಗ. ಪವರ್ ಏನೂ ಬೇಡ, ತಿಳುವಳಿಕೆ ಬೇಕು. ಸೂಪರ್ ಮೆಟ್ರಾಯ್ಡ್‌ನಲ್ಲಿ ಕಾಲಿಟ್ರೆ ಕುಸಿಯೋ ಒಂದು ಉದ್ದ ಸೇತುವೆ ಇದೆ, ಎಷ್ಟೋ ಜನ ಅದಕ್ಕೆ ಯಾವುದೋ ಪವರ್ ಬೇಕು ಅಂತ ಊರೆಲ್ಲ ಸುತ್ತಾಡ್ತಾರೆ, ಬೇಕಾಗಿರೋದು ಶುರುವಿನಿಂದ್ಲೂ ಕೈಯಲ್ಲೇ ಇರೋ ಓಡೋ ಬಟನ್. ಗೋಡೆಯಿಂದ ಗೋಡೆಗೆ ಹಾರೋದೂ ಅಷ್ಟೇ, ಮೊದಲಿಂದ್ಲೂ ಬರುತ್ತೆ, ಆದ್ರೆ ಎಟಿಕೂನ್ ಅನ್ನೋ ಪುಟ್ಟ ಪ್ರಾಣಿಗಳು ಹಾರಿ ತೋರಿಸೋ ತನಕ ಯಾರೂ ಟ್ರೈ ಮಾಡಿರಲ್ಲ. ಇಂಥ ಬೀಗ ಎಷ್ಟಿವೆ, ಅದನ್ನ ಗೇಮ್ ತೋರಿಸಿಕೊಡುತ್ತಾ ಇಲ್ಲಾ ಸುಮ್ನೆ ಕೈಬಿಡುತ್ತಾ ಅನ್ನೋದೇ ಒಳ್ಳೇ ರಿವ್ಯೂಗೂ ಸಾದಾ ರಿವ್ಯೂಗೂ ಇರೋ ಅಂತರ.

ಆಟ ಮುಗಿದ್ಮೇಲೆ ಪಟ್ಟಿ ಮುಂದಿಟ್ಕೊಂಡು ಕೂತ್ಕೊಳ್ಳಿ. ಊಹೆ ಎಲ್ಲವೂ ಸರಿ ಆಗಿದ್ರೆ ಗೇಮ್ ನಿಮ್ಮನ್ನ ಯೋಚಿಸೋಕೇ ಬಿಟ್ಟಿಲ್ಲ. ಒಂದೂ ಸರಿ ಇಲ್ಲ ಅಂದ್ರೆ ಸುಳಿವು ಕೊಟ್ಟಿಲ್ಲ. ಕೆಲವು ಸರಿ, ಕೆಲವು ತಪ್ಪು, ತಪ್ಪಾದ್ದಕ್ಕೂ ಆಮೇಲೆ "ಹೌದಲ್ವಾ" ಅನ್ನಿಸ್ತು ಅಂದ್ರೆ ಡಿಸೈನ್ ಮಾಡಿದೋರು ಕೆಲಸ ಗೊತ್ತಿರೋರು. ಐದನೇ ಕಾಲಂನಲ್ಲಿ ಬರೀ "ಮ್ಯಾಪ್‌ನಲ್ಲಿ ಮಾರ್ಕ್ ಇತ್ತು" ಅಂತಾನೇ ತುಂಬಿದ್ರೆ ನೆನಪಿಡೋ ಕೆಲಸ ನಿಮ್ಮದಾಗಿರ್ಲಿಲ್ಲ, ಅದು ಕೆಟ್ಟದ್ದು ಅಂತಲ್ಲ, ಆದ್ರೆ ಓದೋರಿಗೆ ಹೇಳ್ಬೇಕು.

## ಹಂತ 4: ಕೈಗೆ ಹೇಗಿದೆ ಅಂತ ಪರೀಕ್ಷೆ

ಮೊದಲ ಸೇವ್ ಜಾಗದ ಹತ್ರ ಶತ್ರು ಇಲ್ಲದ ಒಂದು ರೂಮಲ್ಲಿ ನಿಂತು ಇಷ್ಟು ಮಾಡಿ. ಬಟನ್ ಮೆಲ್ಲ ಒತ್ತಿದ್ರೆ ಸಣ್ಣ ಹಾರಾಟ, ಒತ್ತಿ ಹಿಡಿದ್ರೆ ದೊಡ್ಡದು ಬರುತ್ತಾ. ಗಾಳಿಯಲ್ಲಿ ಇರೋವಾಗ ದಿಕ್ಕು ಬದಲಾಯಿಸ್ಬೋದಾ. ಅಂಚಿಂದ ಕಾಲು ಜಾರಿದ ಮರುಕ್ಷಣ ಹಾರೋ ಬಟನ್ ಒತ್ತಿದ್ರೆ ಕ್ಷಮಿಸಿ ಹಾರಿಸುತ್ತಾ. ನೆಲ ಮುಟ್ಟೋ ಸ್ವಲ್ಪ ಮುಂಚೆ ಒತ್ತಿದ್ದು ಲೆಕ್ಕಕ್ಕೆ ಬರುತ್ತಾ.

ಬಟನ್ ತಡ ಅನ್ನಿಸಿದ್ರೆ ಅಳೆದು ಬರೀರಿ. ಫೋನಿನ ಸ್ಲೋ ಮೋಷನ್ 240 ಫ್ರೇಮ್‌ಗೆ ಇಟ್ಟು ಬೆರಳು, ಸ್ಕ್ರೀನ್ ಎರಡೂ ಕಾಣೋ ಹಾಗೆ ರೆಕಾರ್ಡ್ ಮಾಡಿ. ಸೆಕೆಂಡಿಗೆ 60 ಫ್ರೇಮ್ ಓಡೋ ಗೇಮ್‌ನ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್, ಅಂದ್ರೆ ಫೋನಿನ ನಾಲ್ಕು ಫ್ರೇಮ್. ಬೆರಳು ಒತ್ತಿದ್ದರಿಂದ ಕ್ಯಾರೆಕ್ಟರ್ ಕದಲೋ ತನಕ ಎಣಿಸಿ, ಇನ್ನೊಂದು ಗೇಮ್‌ನಲ್ಲೂ ಅದೇ ಟಿವಿಯಲ್ಲಿ ಎಣಿಸಿ, ಎರಡನ್ನೂ ಹೋಲಿಸಿ. ಆಗ ತಪ್ಪು ಟಿವಿಯದ್ದಾ ಗೇಮ್‌ದ್ದಾ ಅಂತ ಗೊತ್ತಾಗುತ್ತೆ.

ಇದೇ ಪರೀಕ್ಷೆ ಗೇಮ್ ಅರ್ಧ ಆದಾಗ ಒಂದ್ಸಲ, ಕೊನೆಗೆ ಒಂದ್ಸಲ ಮಾಡಿ, ಅದೇ ಮೊದಲ ರೂಮಿಗೆ ಬಂದು. ಈ ಜಾತಿ ಗೇಮಲ್ಲಿ ಕ್ಯಾರೆಕ್ಟರ್ ಬೆಳೆದಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲೇ ಸಿಗೋದು.

## ಹಂತ 5: ಪ್ರತಿ ಪವರ್‌ಗೂ ಒಂದೇ ಪ್ರಶ್ನೆ

ಬಾಗಿಲು ತೆರೆಯೋದು ಬಿಟ್ಟು ಇನ್ನೇನು ಮಾಡುತ್ತೆ? ಓರಿ ಅಂಡ್ ದಿ ಬ್ಲೈಂಡ್ ಫಾರೆಸ್ಟ್ (2015) ಗೇಮಿನ ಬ್ಯಾಶ್ ತಗೊಳ್ಳಿ, ಶತ್ರುವನ್ನೋ ಅವನು ಎಸೆದ ಗುಂಡನ್ನೋ ಹಿಡಿದು ಅದನ್ನ ಒಂದು ಕಡೆ ತಳ್ಳಿ ನಾವು ಇನ್ನೊಂದು ಕಡೆ ಚಿಮ್ಮೋದು. ಒಂದೇ ಬಟನ್‌ನಲ್ಲಿ ಹೊಡೆದಾಟ, ಓಡಾಟ, ದಾರಿ ತೆರೆಯೋದು ಮೂರೂ ಆಯ್ತು, ಅದು ಸಿಕ್ಕಿದ್ಮೇಲೆ ಹಳೇ ಜಾಗದಲ್ಲಿ ಕಾಟ ಕೊಡ್ತಿದ್ದ ಶತ್ರುಗಳೇ ಮೆಟ್ಟಿಲಾಗಿಬಿಡ್ತಾರೆ. ಆನಿಮಲ್ ವೆಲ್‌ನ ಗುಳ್ಳೆ ಊದೋ ಕೋಲೂ ಅಷ್ಟೇ, ಗುಳ್ಳೆ ಮೇಲೇ ಕಾಲಿಟ್ಟು ಹಾರ್ಬೋದು ಅಂತ ನಾವೇ ಕಂಡುಹಿಡೀಬೇಕು.

ಇದರ ಎದುರಿಗೆ ಬರೀ ಕೀಲಿಕೈ ತರದ ಪವರ್‌ಗಳೂ ಇರ್ತಾವೆ, ನೀಲಿ ಕಲ್ಲು ಒಡೆಯೋಕೆ ನೀಲಿ ಪಂಚು, ಅಷ್ಟೇ. ಪವರ್‌ಗಳ ಹೆಸರು ಬರೆದು ಪಕ್ಕದಲ್ಲಿ ಅದರ ಕೆಲಸ ಪಟ್ಟಿ ಮಾಡಿ, ಒಂದೇ ಕೆಲಸದ್ದು ಜಾಸ್ತಿ ಆದ್ರೆ ರಿವ್ಯೂನಲ್ಲಿ ಅದು ಬರಲೇಬೇಕು, ಟ್ರೈಲರ್‌ನಲ್ಲಿ "ಇಷ್ಟೊಂದು ಪವರ್" ಅಂತ ಎಣಿಸಿ ತೋರಿಸಿದ್ರೂ.

## ಹಂತ 6: ಮ್ಯಾಪ್, ಸೇವ್, ಕರೆಂಟ್

ಮ್ಯಾಪ್ ದೊಡ್ಡದಾ ಚಿಕ್ಕದಾ ಅನ್ನೋದು ಆಮೇಲಿನ ಮಾತು, ಮ್ಯಾಪ್ ತೆಗೀದೆ ಎಷ್ಟು ದೂರ ಓಡಾಡ್ತೀರಿ ಅನ್ನೋದನ್ನ ಮೊದ್ಲು ನೋಡಿ. ಕಾಫಿ ತೋಟಕ್ಕೆ ಹೊಸದಾಗಿ ಬಂದೋರಿಗೆ ಎಲ್ಲಾ ಸಾಲೂ ಒಂದೇ ತರ ಕಾಣುತ್ತೆ, ಅಲ್ಲೇ ಬೆಳೆದೋರು ಹಲಸಿನ ಮರ, ಕೆರೆ, ಪಲ್ಪರ್ ಮನೆ ಗುರುತಿಟ್ಕೊಂಡು ಕತ್ತಲಲ್ಲೂ ನಡೀತಾರೆ, ಗೇಮಲ್ಲೂ ಅಂಥ ಗುರುತು ಇದ್ಯಾ ಹುಡುಕಿ. ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು ಎರಡು ದಿನ ಬಿಟ್ಟು ನೋಡಿ, ಯಾವ ರೂಮು ಅಂತ ಹೇಳೋಕಾಗ್ಲಿಲ್ಲ ಅಂದ್ರೆ ಗುರುತು ಸಾಲದು.

ಹಾಲೋ ನೈಟ್ (2017) ಹೊಸ ಜಾಗಕ್ಕೆ ಮ್ಯಾಪ್ ಕೊಡಲ್ಲ, ಕಾರ್ನಿಫರ್ ಅನ್ನೋನನ್ನ ಹುಡುಕಿ ಕೊಂಡ್ಕೊಬೇಕು, ಅವನು ಗುನುಗೋ ಶಬ್ದ, ಚೆಲ್ಲಿರೋ ಪೇಪರ್ ಇದೇ ಸುಳಿವು. ನೀವೆಲ್ಲಿದ್ದೀರಿ ಅಂತ ಕಾಣ್ಬೇಕಾದ್ರೆ ಕಂಪಾಸ್ ಚಾರ್ಮ್ (ತಾಯಿತದ ತರ ಹಾಕ್ಕೊಳ್ಳೋ ವಸ್ತು) ಹಾಕ್ಬೇಕು, ಅದಕ್ಕೆ ಒಂದು ಚಾರ್ಮ್ ಜಾಗ ಹೋಗುತ್ತೆ. ಹೊಸ ರೂಮು ಮ್ಯಾಪ್‌ಗೆ ಸೇರೋದು ಕ್ವಿಲ್ (ಬರೆಯೋ ಗರಿ) ಕೊಂಡಿದ್ದು, ಸೇವ್ ಆಗೋ ಬೆಂಚಲ್ಲಿ ಕೂತಾಗ ಮಾತ್ರ. ಇದನ್ನ "ತಲೆನೋವು" ಅಂತ ಒಂದೇ ಪದದಲ್ಲಿ ತಳ್ಳಿಹಾಕೋರು ಜಾಸ್ತಿ. ನನ್ನ ಪ್ರಕಾರ ಆ ದಾರಿ ತಪ್ಪೋ ಭಯವನ್ನ ಬೇಕಂತಲೇ ಇಟ್ಟಿದ್ದಾರೆ, ಗೇಮಿನ ಜೀವ ಅದೇ, ನಿಮಗೆ ಇಷ್ಟ ಆಗ್ಲಿಲ್ಲ ಅಂತ ಬರೀರಿ ಆದ್ರೆ ಅದು ಏನು ಮಾಡೋಕೆ ಹೊರಟಿದೆ ಅಂತ ಮೊದ್ಲು ಹೇಳಿ. ಪ್ರಿನ್ಸ್ ಆಫ್ ಪರ್ಷಿಯಾ ದಿ ಲಾಸ್ಟ್ ಕ್ರೌನ್ (2024) ಉಲ್ಟಾ ದಾರಿ ಹಿಡೀತು, ಹೋಗೋಕಾಗದ ಜಾಗದ ಫೋಟೋ ತೆಗೆದು ಮ್ಯಾಪ್ ಮೇಲೇ ಅಂಟಿಸ್ಬೋದು. ನಮ್ಮ ಬೀಗದ ಪಟ್ಟಿಯನ್ನ ಗೇಮೇ ಮಾಡ್ಕೊಟ್ಟ ಹಾಗೆ, ತುಂಬಾ ಒಳ್ಳೇ ಕೆಲಸ.

ಸೇವ್ ವಿಷಯ ಕೊಡಗಿನ ಓದುಗರಿಗೆ ಬರೆಯೋರು ಬಿಡಲೇಬಾರದು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ಕರೆಂಟ್ ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಯಾರಿಗೂ ಗೊತ್ತಿರಲ್ಲ. ಒಂದು ಸೇವ್‌ನಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಅಂತ ಮೂರ್ನಾಲ್ಕು ಕಡೆ ವಾಚ್ ಹಿಡಿದು ಬರೀರಿ. ಬ್ಲೈಂಡ್ ಫಾರೆಸ್ಟ್‌ನಲ್ಲಿ ಎನರ್ಜಿ ಖರ್ಚು ಮಾಡಿ ಹೆಚ್ಚುಕಮ್ಮಿ ಎಲ್ಲಿ ಬೇಕಾದ್ರೂ ಸೇವ್ ಮಾಡ್ಕೊಬೋದು, ಸೂಪರ್ ಮೆಟ್ರಾಯ್ಡ್‌ನಲ್ಲಿ ಸೇವ್ ರೂಮಿಗೇ ಹೋಗ್ಬೇಕು. ಬಾಸ್ ಹತ್ರ ಸತ್ರೆ ವಾಪಸ್ ಅಲ್ಲಿಗೆ ಬರೋಕೆ ಎಷ್ಟು ಹೊತ್ತು ಅನ್ನೋದನ್ನೂ ಬೇರೆಯಾಗಿ ಅಳೀರಿ, "ಬಾಸ್ ಕಷ್ಟ" ಅಂತ ಬರೆದಿದ್ದರಲ್ಲಿ ಅರ್ಧ ಸಲ ನಿಜವಾದ ಕಷ್ಟ ಆ ದಾರಿಯದ್ದೇ ಆಗಿರುತ್ತೆ.

## ಹಂತ 7: ಹಿಂದಕ್ಕೆ ಹೋಗೋ ದಾರಿ

"ಬ್ಯಾಕ್‌ಟ್ರ್ಯಾಕಿಂಗ್ ಜಾಸ್ತಿ" ಅನ್ನೋ ಮಾತು ಬರೆಯೋಕೇ ಹೋಗ್ಬೇಡಿ. ಇದು ಹಿಂದಕ್ಕೆ ಹೋಗೋದೇ ಇರೋ ಗೇಮು. ಕೇಳ್ಬೇಕಾದ್ದು, ಅದೇ ದಾರಿ ಎರಡನೇ ಸಲ ಹೋಗೋವಾಗ ಏನು ಬದಲಾಗಿತ್ತು. ಹೊಸ ಪವರ್‌ನಿಂದ ಮೂರು ನಿಮಿಷದ ದಾರಿ ಒಂದು ನಿಮಿಷ ಆಯ್ತಾ? ದಾರಿ ಮಧ್ಯೆ ಪಟ್ಟಿಯಲ್ಲಿದ್ದ ಇನ್ನೊಂದು ಬೀಗ ಸಿಕ್ತಾ? ಶತ್ರುಗಳು ಬದಲಾದ್ರಾ? ಮೂರಕ್ಕೂ ಇಲ್ಲ ಅಂದ್ರೆ ಆಗ ಬೈಯಿರಿ, ಯಾವ ಜಾಗದಿಂದ ಯಾವ ಜಾಗಕ್ಕೆ ಅಂತ ಹೆಸರು ಸಮೇತ.

ಮೆಟ್ರಾಯ್ಡ್ ಡ್ರೆಡ್ (2021) ಎಷ್ಟೋ ಕಡೆ ಹಿಂದಿನ ದಾರಿ ಮುಚ್ಚಿ ಮುಂದಕ್ಕೆ ತಳ್ಳುತ್ತೆ. ದಾರಿ ತಪ್ಪೋದು ಇಷ್ಟ ಇಲ್ಲದೋರಿಗೆ ಅದು ವರ, ಅಲೆಮಾರಿಗಳಿಗೆ ಕೈ ಕಟ್ಟಿಹಾಕಿದ ಹಾಗನ್ನಿಸುತ್ತೆ. ಎರಡು ತರದ ಓದುಗರಿಗೂ ಉಪಯೋಗ ಆಗೋ ಹಾಗೆ ಬರೀರಿ.

## ಹಂತ 8: ಬೇಕಂತಲೇ ಒಂದು ವಾರ ಬಿಡಿ

ಅರ್ಧ ಆಟ ಆದಾಗ ಒಂದು ವಾರ ಮುಟ್ಬೇಡಿ. ಡಿಸೆಂಬರ್‌ನಿಂದ ಕಾಫಿ ಕುಯ್ಲು ಶುರುವಾದ್ರೆ ನಮ್ಮಲ್ಲಿ ಎಷ್ಟೋ ಮನೇಲಿ ಹೇಗೂ ಗೇಮ್ ನಿಲ್ಲುತ್ತೆ, ಅದಕ್ಕಿಂತ ಮುಂಚೆ ಹುತ್ತರಿಗೆ ನೆಂಟರು ಬಂದ್ರೂ ನಿಲ್ಲುತ್ತೆ. ಓದುಗರು ಆಡೋದೂ ಹೀಗೇ ಬಿಟ್ಟು ಬಿಟ್ಟು. ವಾಪಸ್ ಬಂದಾಗ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗೋಕೆ ಎಷ್ಟು ಹೊತ್ತಾಯ್ತು, ಗೇಮ್ ಏನಾದ್ರೂ ನೆನಪು ಮಾಡ್ಕೊಡ್ತಾ, ಬಟನ್‌ಗಳು ಬೆರಳಿಗೆ ನೆನಪಿತ್ತಾ, ಬರೆದಿಡಿ. ರಿಲೀಸ್ ದಿನ ಗಡಿಬಿಡಿಯಲ್ಲಿ ಮುಗಿಸಿ ಬರೆಯೋರ ರಿವ್ಯೂನಲ್ಲಿ ಈ ಮಾತು ಯಾವತ್ತೂ ಇರಲ್ಲ.

## ಹಂತ 9: ಹಳೇ ಗೇಮ್‌ಗೆ ನ್ಯಾಯ

ಹಳೇದನ್ನ ಆಡೋವಾಗ ರಿವೈಂಡ್, ಸೇವ್ ಸ್ಟೇಟ್ (ಯಾವ ಕ್ಷಣದಲ್ಲಾದ್ರೂ ಸೇವ್ ಮಾಡೋ ಸೌಲಭ್ಯ) ಆಫ್ ಮಾಡಿ, ಬಳಸಿದ್ರೆ ಬಳಸಿದ್ದೀನಿ ಅಂತ ಬರೀರಿ. ಆಮೇಲೆ ನಿಮಗೆ ಕಿರಿಕಿರಿ ಆದ ಪ್ರತಿಯೊಂದನ್ನೂ ಮೂರು ಗುಂಪು ಮಾಡಿ: ಯಂತ್ರಕ್ಕೆ ಆಗ್ತಿರ್ಲಿಲ್ಲ, ಬೇಕಂತ ಮಾಡಿದ್ದು, ಸುಮ್ನೆ ಕೆಟ್ಟದಾಗಿ ಮಾಡಿದ್ದು. ಮೊದಲ ಮೆಟ್ರಾಯ್ಡ್‌ನ ಅಮೆರಿಕದ ಕ್ಯಾಸೆಟ್‌ನಲ್ಲಿ ಸೇವ್ ಬದಲು 24 ಅಕ್ಷರದ ಪಾಸ್‌ವರ್ಡ್, ಜಪಾನಿನ ಡಿಸ್ಕ್ ಆವೃತ್ತಿಯಲ್ಲಿ ಸೇವ್ ಇತ್ತು, ಅಂದ್ರೆ ಇದು ಯಂತ್ರದ ಗುಂಪು. ಸತ್ತು ಎದ್ದಾಗ ಬರೀ 30 ಎನರ್ಜಿ ಕೊಟ್ಟು ತುಂಬಿಸ್ಕೊ ಅನ್ನೋದನ್ನ ನಾನು ಮೂರನೇ ಗುಂಪಿಗೇ ಹಾಕೋದು, ಮತ್ತೆ ತುಂಬಿಸ್ಕೊಳ್ಳೋದ್ರಲ್ಲಿ ಯೋಚಿಸೋ ಕೆಲಸವೇ ಇಲ್ಲ. ಮ್ಯಾಪ್ ಇಲ್ಲದ್ದು? ಪೇಪರ್ ಮೇಲೆ ಬರ್ಕೊಂಡು ಆಡಿ ನೋಡಿ ನೀವೇ ಹೇಳಿ. 1986ರ ಕ್ಯಾಸಲ್‌ವೇನಿಯಾದಲ್ಲಿ ಹಾರಿದ್ಮೇಲೆ ಗಾಳಿಯಲ್ಲಿ ದಿಕ್ಕು ಬದಲಾಗಲ್ಲ, ಅದು ಬೇಕಂತ ಮಾಡಿದ್ದು, ಇಡೀ ಆಟ ಅದರ ಮೇಲೇ ನಿಂತಿದೆ.

## ಹಂತ 10: ಬರೆಯೋದು

ಹಂತ 3, 6, 7ರ ನೋಟ್ಸ್‌ನಿಂದ ಶುರು ಮಾಡಿ, ಗ್ರಾಫಿಕ್ಸ್ ಮ್ಯೂಸಿಕ್ ಕೊನೆಗೆ. ಬೀಗ ಹೇಗಿದೆ ಅಂತ ಹೇಳಿ, ಕೀಲಿ ಎಲ್ಲಿದೆ ಅಂತ ಹೇಳ್ಬೇಡಿ. ಮೊದಲ ಕಾಲು ಭಾಗದ ಜಾಗಗಳನ್ನ ಹೆಸರು ಹಿಡಿದು ಬರೀಬಹುದು, ಅಲ್ಲಿಂದಾಚೆಗೆ ಮುಚ್ಚಿಡಿ. ಪ್ರತಿ ದೂರಿಗೂ ಒಂದು ಜಾಗ ತೋರಿಸಿ, ಜಾಗ ತೋರಿಸೋಕಾಗದ ದೂರನ್ನ ತೆಗೆದುಹಾಕಿ.

ಕಳಿಸೋಕೆ ಮುಂಚೆ ಗೇಮ್ ಆಡದ ಒಬ್ಬರಿಗೆ ಓದೋಕೆ ಕೊಟ್ಟು "ಇದರಲ್ಲಿ ದಾರಿ ತಪ್ಪಿದ್ರೆ ಹೇಗನ್ನಿಸುತ್ತೆ" ಅಂತ ಕೇಳಿ. ಉತ್ತರ ಬರ್ಲಿಲ್ಲ ಅಂದ್ರೆ ಹಂತ 3ಕ್ಕೆ ವಾಪಸ್.

## ಈ ಲಕ್ಷಣ ಕಂಡ್ರೆ ನಿಲ್ಲಿಸಿ

ಬೀಗದ ಪಟ್ಟಿ ಒಂದೇ ದಿನ ಒಂದೇ ಕೈಬರಹದಲ್ಲಿ ನೀಟಾಗಿ ಇದ್ರೆ ಅದನ್ನ ಆಮೇಲೆ ನೆನಪಿಂದ ತುಂಬಿದ್ದು ಅಂತ ಅರ್ಥ, ಬಳಸ್ಬೇಡಿ. ರಿವ್ಯೂನಲ್ಲಿ ಬಾಸ್ ಹೆಸರು ಜಾಗಗಳ ಹೆಸರಿಗಿಂತ ಜಾಸ್ತಿ ಇದ್ರೆ ಗೇಮಿನ ಸಣ್ಣ ಭಾಗದ ಬಗ್ಗೆ ಮಾತ್ರ ಬರೆದಿದ್ದೀರಿ. ಎಲ್ಲವನ್ನೂ ಹಾಲೋ ನೈಟ್‌ಗೇ ಹೋಲಿಸ್ತಿದ್ರೆ ಇನ್ನೊಂದೆರಡು ಹಳೇದನ್ನ ಆಡಿ ಬನ್ನಿ.

ಕ್ರೆಡಿಟ್ಸ್ ಬಂತು ಅಂತ ಮುಗೀತು ಅಂದ್ಕೊಬೇಡಿ. ಸಿಂಫನಿ ಆಫ್ ದಿ ನೈಟ್‌ನಲ್ಲಿ (1997) ಒಂದು ವಸ್ತು ಹಾಕ್ಕೊಳ್ದೆ ಹೋದ್ರೆ ಅರ್ಧದಲ್ಲೇ ಎಂಡಿಂಗ್ ಬರುತ್ತೆ, ಮ್ಯಾಪ್ ಲೆಕ್ಕ ನಿಜವಾಗಿ 200.6 ಪರ್ಸೆಂಟ್ ತನಕ ಹೋಗುತ್ತೆ. "ಗೇಮ್ ಚಿಕ್ಕದು" ಅಂತ ಬರೆಯೋ ಮುಂಚೆ ಪಟ್ಟಿಯಲ್ಲಿ ತೆರೀದೇ ಉಳಿದ ಬೀಗ ಎಷ್ಟಿದೆ ನೋಡಿ.

ಇನ್ನು ವರ್ಷನ್ ನಂಬರ್. ಬ್ಲೈಂಡ್ ಫಾರೆಸ್ಟ್‌ನ 2016ರ ಡೆಫಿನಿಟಿವ್ ಎಡಿಷನ್‌ಗೆ ಫಾಸ್ಟ್ ಟ್ರಾವೆಲ್ (ನಡೀದೆ ದೂರದ ಜಾಗಕ್ಕೆ ನೇರ ಹೋಗೋದು) ಸೇರಿಸಿದ್ರು, ಹಳೇದರ ಮೇಲೆ ಬರೆದ ಓಡಾಟದ ದೂರು ಹೊಸದಕ್ಕೆ ಹೊಂದಲ್ಲ. ಹಾಲೋ ನೈಟ್‌ನ ಮುಂದಿನ ಗೇಮ್ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರ್ 4ಕ್ಕೆ ಬಂತು, ಮೊದಲ ಪ್ಯಾಚ್‌ನಲ್ಲೇ ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಅನ್ನೋ ಎರಡು ಬಾಸ್‌ಗಳನ್ನ ಸ್ವಲ್ಪ ಸುಲಭ ಮಾಡಿದ್ರು. ಮೆನು ಸ್ಕ್ರೀನ್ ಮೂಲೆಯಲ್ಲಿ ಕಾಣೋ ವರ್ಷನ್ ನಂಬರ್, ಆಡಿದ ಮೆಷಿನ್, ಯಾವ ಡಿಫಿಕಲ್ಟಿ, ಇಷ್ಟನ್ನ ರಿವ್ಯೂ ತಲೆಯಲ್ಲೇ ಒಂದು ಸಾಲಲ್ಲಿ ಹಾಕಿ.